ಮಾಳಮಡ್ಡಿಯ ಬಾಹ್ಯಾಕಾಶ ಸಂಘದ ದಫ್ತರ

‘ಆಗಸ್ಟ್ ೨೩, ೨೦೨೩, ಬುಧವಾರ. ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿಯಿತು. ಆರೂವರೆಗೆ ನಮ್ಮ ಮನೆಯ ಹಾಲ್‌ನಲ್ಲಿ ಸಂಘ ಹುಟ್ಟಿತು. ಹಾಜರು ಹನ್ನೊಂದು ಮಂದಿ. ಚಹಾ ಎರಡು ಸಲ. ಉಪ್ಪಿಟ್ಟು ಸಾಲಲಿಲ್ಲ.’

ನನ್ನ ಹಳೆಯ ಡೈರಿಯಲ್ಲಿ ಆ ದಿನದ ಪುಟ ಇಷ್ಟೇ. ನೌಕೆ ಇಳಿಯುವುದನ್ನು ನೋಡಲು ನಮ್ಮ ಮನೆಗೆ ಬಂದಿದ್ದವರು ಟಿವಿ ಆರಿಸಿದ ಮೇಲೂ ಏಳಲಿಲ್ಲ. ನಿವೃತ್ತ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ‘ಇಷ್ಟು ಮಂದಿ ಕೂಡೇವಿ, ಒಂದು ಸಂಘ ಮಾಡಿಬಿಡೋಣು’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ನಿಂತಿದ್ದಕ್ಕೆ ಅವರು ಅಧ್ಯಕ್ಷರಾದರು. ಅಕ್ಷರ ದುಂಡಗಿವೆ ಎಂದು ನಾನು ಕಾರ್ಯದರ್ಶಿಯಾದೆ.

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರಕ್ಕೆ ನನಗೆ ಪ್ರಥಮ ದರ್ಜೆ ಬಂದಿತ್ತು. ಆಮೇಲೆ ನಲವತ್ತು ವರ್ಷ ಆ ಭೌತಶಾಸ್ತ್ರವೆಲ್ಲ ಕುಕ್ಕರಿನ ಸೀಟಿ ಎಣಿಸುವುದಕ್ಕೆ ಖರ್ಚಾಯಿತು. ಜೀವನದಲ್ಲಿ ಮೊದಲ ಸಲ ಒಂದು ಹುದ್ದೆ ಸಿಕ್ಕಿದ್ದರಿಂದ ಅದನ್ನು ಬೇಕಾದದ್ದಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡೆ. ಪ್ರತಿ ಸಭೆಯ ತಾರೀಖು, ವೇಳೆ, ಆಕಾಶದ ಸ್ಥಿತಿ, ಹಾಜರಿ, ಆದದ್ದು, ತಿಂದದ್ದು ಎಲ್ಲವನ್ನೂ ದಫ್ತರದಲ್ಲಿ, ಅಂದರೆ ಸಂಘದ ನಡಾವಳಿ ಪುಸ್ತಕದಲ್ಲಿ, ಬರೆದಿಟ್ಟಿದ್ದೇನೆ. ಮೂರು ದಫ್ತರ ತುಂಬಿವೆ. ಈಗ ತಿರುವಿ ಹಾಕಿದರೆ, ನಾವು ಅಂದುಕೊಂಡಂತೆ ಆದ ಕೆಲಸ ಒಂದೂ ಇಲ್ಲ. ಊರಿನ ಬೇರೆ ಸಂಘಗಳಲ್ಲಿ ವರ್ಷಕ್ಕೊಮ್ಮೆ ಆಗುವಂಥ ಫಜೀತಿ ನಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಆಗುತ್ತದೆ.

ಎಲ್ಲರೂ ಹೋದ ಮೇಲೆ ನಮ್ಮ ಯಜಮಾನರು ಖಾಲಿ ಬಟ್ಟಲುಗಳನ್ನು ನೋಡುತ್ತ ಕೇಳಿದರು: ‘ಇವರು ಮುಂದಿನ ಸಲ ಎಲ್ಲಿ ಕೂಡವರು?’

‘ಇಲ್ಲೇ.’

‘ಎಷ್ಟು ದಿವಸ?’

‘ಸಂಘಕ್ಕ ಒಂದು ಖೋಲಿ ಸಿಗೋ ತನಕ.’

ಅವರು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು. ಇಂಥ ಮಾತನ್ನು ಮರೆಯುವವರಲ್ಲ.

ದುಂಡು ಶಿಕ್ಕೆ

ಸದಸ್ಯರಲ್ಲಿ ಅರ್ಧ ಮಂದಿ ಧಾರವಾಡದವರು, ಅರ್ಧ ಮಂದಿ ಹುಬ್ಬಳ್ಳಿಯವರು. ಎರಡನೆಯ ಸಭೆಯಲ್ಲಿ ಅಧ್ಯಕ್ಷರು ‘ಧಾರವಾಡ-ಹುಬ್ಬಳ್ಳಿ ಬಾಹ್ಯಾಕಾಶ ಆಸಕ್ತರ ಸಂಘ’ ಎಂದು ಹೆಸರು ಓದಿದರು. ಗೋಕುಲ ರಸ್ತೆಯಲ್ಲಿ ಲೇತ್ ಅಂಗಡಿ ಇಟ್ಟಿರುವ, ನಾವೆಲ್ಲ ಕಾಕಾ ಎಂದು ಕರೆಯುವ ಸದಸ್ಯರು ತಟ್ಟನೆ ಎದ್ದರು.

‘ಜಗತ್ತೆಲ್ಲಾ ಹುಬ್ಬಳ್ಳಿ-ಧಾರವಾಡ ಅಂತೈತ್ರಿ. ನೀವಷ್ಟ ಯಾಕ ತಿರುವಾಕತ್ತೀರಿ?’

‘ಜ್ಞಾನ ಮೊದಲು, ವ್ಯಾಪಾರ ಆಮ್ಯಾಲ,’ ಎಂದರು ಅಧ್ಯಕ್ಷರು.

‘ಒಂದು ನಟ್ಟು ಸಡ್ಲಾದ್ರ ನಿಮ್ಮ ಜ್ಞಾನ ಎಲ್ಲಿ ನಿಲ್ಲತೈತ್ರಿ ಸರ?’

ಇದರಲ್ಲೇ ಮೂರು ಸಭೆ ಕಳೆದವು. ಐದನೆಯ ಸಭೆಯಲ್ಲಿ ಬೈರಿದೇವರಕೊಪ್ಪದ ಗಿರಣಿಯಾಕೆ ಬಾಯಿ ತೆರೆದರು. ಅವರದು ಹಿಟ್ಟಿನ ಗಿರಣಿ. ಚಂದ್ರನ ಮೇಲಿನ ಮಣ್ಣು ಜೋಳದ ಹಿಟ್ಟಿನಷ್ಟು ನುಣುಪಾಗಿದೆ ಎಂದು ಎಲ್ಲೋ ಓದಿ ನಮ್ಮ ಸಂಘ ಸೇರಿದವರು. ‘ಹೆಸರು ದುಂಡಗ ಬರೀರಿ. ಯಾವದೂ ಮೊದಲಲ್ಲ, ಯಾವದೂ ಕಡಿಗಲ್ಲ,’ ಎಂದರು. ಇಷ್ಟು ಓದಿದವರಿಗೆ ಯಾರಿಗೂ ಹೊಳೆಯದ ಮಾತು. ಕೂಡಲೇ ಸಂಘದ ಮೊಹರಿಗೆ ಒಂದು ದುಂಡು ರಬ್ಬರ್ ಶಿಕ್ಕೆ ಮಾಡಿಸಿದೆವು.

ಆದರೆ ಶಿಕ್ಕೆಗೆ ಹಿಡಿಕೆ ಇರುತ್ತದೆ, ಹಿಡಿಕೆ ಹಿಡಿಯುವ ಕೈ ಇರುತ್ತದೆ. ಅಧ್ಯಕ್ಷರು ಒತ್ತಿದರೆ ಧಾರವಾಡ ಮೇಲೆ ಬರುತ್ತಿತ್ತು. ಕಾಗದ ಕಾಕಾನ ಕೈಗೆ ಹೋದರೆ ಅವರು ಶಿಕ್ಕೆ ತಿರುವಿ ಪಕ್ಕದಲ್ಲೇ ಇನ್ನೊಮ್ಮೆ ಒತ್ತುತ್ತಿದ್ದರು. ಇಂದಿಗೂ ನಮ್ಮ ಸಂಘದ ಒಂದೊಂದು ಪತ್ರದ ಮೇಲೂ ಎರಡೆರಡು ಶಿಕ್ಕೆ ಇವೆ. ಒಮ್ಮೆ ಒಂದು ಕಚೇರಿಯ ಗುಮಾಸ್ತೆ ಕೇಳಿಯೇಬಿಟ್ಟಳು: ‘ಅಮ್ಮಾರ, ಇವು ಎರಡು ಸಂಘ ಏನ್ರಿ?’

ನಾನು ‘ಕೆಲವು ದಿವಸ ಹೌದು’ ಎಂದೆ.

ನಾಲ್ಕು ನಿಮಿಷ

ಭೂಮಿಯ ಸುತ್ತ ತಿರುಗುವ ಆಕಾಶ ನಿಲ್ದಾಣ ಒಂದು ಶುಕ್ರವಾರ ಸಂಜೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ನಮ್ಮ ಮಾಳಿಗೆಯ ಮೇಲಿಂದ ಹಾದು ಹೋಗುತ್ತದೆ ಎಂದು ಅಧ್ಯಕ್ಷರು ಲೆಕ್ಕ ಹಾಕಿದರು. ಕಾಣುವುದು ನಾಲ್ಕೇ ನಿಮಿಷ. ಓಣಿಗೆಲ್ಲ ಆಮಂತ್ರಣ ಹೋಯಿತು. ಇಸ್ತ್ರಿ ಅರಿವೆ ಹಾಕಿಕೊಂಡು ಮೂವತ್ತು ಮಂದಿ ಬಂದರು. ಚುರುಮುರಿಯ ಗಿರಮಿಟ್ಟು ಕೊಟ್ಟೆವು. ಏಳು ಗಂಟೆ ಎಂಟಕ್ಕೆ ಅಧ್ಯಕ್ಷರು ಗಡಿಯಾರ ನೋಡಿ, ‘ನಡೀರಿ, ಮಾಳಗಿ ಮ್ಯಾಲ ಹೋಗೋಣು’ ಎಂದರು.

ನಮ್ಮ ಮೆಟ್ಟಿಲು ಒಬ್ಬರೇ ಹತ್ತುವಷ್ಟು ಅಗಲ. ಮೊದಲ ಮೆಟ್ಟಿಲ ಹತ್ತಿರ ಓಣಿಯ ಇಬ್ಬರು ಹಿರಿಯರು ಎದುರಾದರು. ಒಬ್ಬರು ನಿವೃತ್ತ ಹೆಡ್ ಮಾಸ್ತರರು, ಒಬ್ಬರು ನಿವೃತ್ತ ಪೋಸ್ಟ್ ಮಾಸ್ತರರು.

‘ನೀವು ಮುಂದ ನಡೀರಿ.’

‘ಛೇ ಛೇ, ನೀವು ವಯಸ್ಸಿನ್ಯಾಗ ಹಿರಿಯರು.’

‘ಆರು ತಿಂಗಳದ್ದು ಏನ್ ಹಿರಿತನ್ರಿ. ಹುದ್ದೆಯೊಳಗ ನೀವು ಹಿರಿಯರು.’

‘ರಿಟೈರ್ ಆದ ಮ್ಯಾಲ ಎಲ್ಲಿ ಹುದ್ದೆ ಬಿಡ್ರಿ. ನಡೀರಿ, ನಡೀರಿ.’

‘ಹಂಗಂದ್ರ ಹೆಂಗ? ನಿಮ್ಮ ಮುಂದ ನಾ ಕಾಲಿಟ್ಟೇನೇನು?’

ಹಿಂದೆ ಇಪ್ಪತ್ತೆಂಟು ಮಂದಿ. ಸಾಲಿನ ಕೊನೆಯಿಂದ ಕಾಕಾ ಕೂಗಿದರು: ‘ಯಾರರ ಒಬ್ರು ಹತ್ತರ್ಯೋ ಮಾರಾಯರ!’

ಕೂಗಬಾರದಿತ್ತು. ‘ಪಾಪ, ಹುಬ್ಬಳ್ಳಿಂದ ಬಂದಾರ, ಅವರಿಗೆ ಮೊದಲು ದಾರಿ ಬಿಡ್ರಿ’ ಎಂದು ಯಾರೋ ಅಂದರು. ಮುಂದೆ ನಿಂತಿದ್ದವರೆಲ್ಲ ಗೋಡೆಗೆ ಆತುಕೊಂಡು ದಾರಿ ಬಿಟ್ಟರು. ಅಷ್ಟು ಮರ್ಯಾದೆ ಕಂಡು ಕಾಕಾನಿಗೆ ನಾಚಿಕೆಯಾಯಿತು. ಅವರೂ ಕೈ ಮುಗಿದು, ‘ಇಲ್ರೀ, ಮೊದಲ ನೀವ’ ಎಂದರು.

ನಾವು ಮೇಲೆ ಹತ್ತಿದಾಗ ಏಳು ಗಂಟೆ ಹದಿನೇಳು. ಒಣಗಿದ ಅರಿವೆ ತರಲು ಮೊದಲೇ ಮೇಲೆ ಹೋಗಿದ್ದ ನಮ್ಮ ಯಜಮಾನರು ಹೆಗಲ ಮೇಲೆ ಚಾದರ ಹಾಕಿಕೊಂಡು ನಿಂತಿದ್ದರು. ‘ಆಕಾಶದೊಳಗ ಒಂದು ದೊಡ್ಡ ಚಿಕ್ಕಿ ಸರ್ರನ ಹೋತು. ಭಾಳ ಛಲೋ ಇತ್ತು. ನೀವೆಲ್ಲಾ ಕೆಳಗ ಏನು ಮಾಡ್ಲಿಕ್ಕೆ ಹತ್ತಿದ್ರಿ?’

ದಫ್ತರದಲ್ಲಿ ಹೀಗೆ ಬರೆದೆ: ‘ನಿಲ್ದಾಣ ಸರಿಯಾದ ವೇಳೆಗೆ ಬಂತು. ಸಂಘ ಮೆಟ್ಟಿಲ ಕೆಳಗಿತ್ತು.’

ಕೋನಿನಲ್ಲಿ ಹೂರಣ

ನಮ್ಮ ಕಡೆಯವರೊಬ್ಬರು ಬಾಹ್ಯಾಕಾಶಕ್ಕೆ ಹೋದರೆ ಏನು ಉಣ್ಣಬೇಕು ಎಂಬ ಚರ್ಚೆ ನಡೆಯಿತು. ಅಲ್ಲಿ ತೂಕವಿಲ್ಲ, ಚೂರು ಬಿದ್ದರೆ ತೇಲಿಕೊಂಡು ಯಂತ್ರದೊಳಗೆ ಹೋಗುತ್ತದೆ ಎಂದು ಅಧ್ಯಕ್ಷರು ವಿವರಿಸಿ ಮೊಟ್ಟ ಮೊದಲು ಖಡಕ್ ರೊಟ್ಟಿಯನ್ನೇ ಪಟ್ಟಿಯಿಂದ ಹೊಡೆದು ಹಾಕಿದರು. ಕಾಕಾ ನೊಂದುಕೊಂಡರು. ‘ಹಂಗಾರ ನಮ್ಮ ಕಡೆದವರು ಯಾರೂ ಹೋಗಂಗಿಲ್ಲ ಬಿಡ್ರಿ.’

ನಮ್ಮ ಹಿರಿಯ ಸೊಸೆ ಒಂದು ಉಪಾಯ ಹೇಳಿದಳು. ಮೆಹಂದಿ ಹಾಕುವ ಕೋನಿನಂತೆ ಪ್ಲಾಸ್ಟಿಕ್ ಸುತ್ತಿ, ಒಳಗೆ ಮೆತ್ತನೆಯ ಅಡುಗೆ ತುಂಬಿ, ತುದಿ ಕತ್ತರಿಸಿ ಬಾಯಿಗೆ ಹಿಂಡಿಕೊಂಡರೆ ಒಂದು ಚೂರೂ ಹಾರುವುದಿಲ್ಲ. ಅವಳೇ ಹೂರಣದ ಕೋನು, ಝುಣಕದ ಕೋನು, ರುಬ್ಬಿದ ಎಣ್ಣೆಗಾಯಿಯ ಕೋನು ಮಾಡಿ ಫ್ರಿಜ್ಜಿನಲ್ಲಿಟ್ಟಳು. ಆ ವಾರವೇ ಅವಳ ತಂಗಿಯ ನಿಶ್ಚಿತಾರ್ಥವಿತ್ತು. ನಿಜವಾದ ಮೆಹಂದಿ ಕೋನುಗಳೂ ಅದೇ ಫ್ರಿಜ್ಜಿನಲ್ಲಿ ಇದ್ದವು ಎಂಬುದನ್ನು ಯಾರೂ ಯೋಚಿಸಲಿಲ್ಲ.

ಅಧ್ಯಕ್ಷರು ತಮಗೆ ಬಂದ ಕೋನನ್ನು ಕಣ್ಣು ಮುಚ್ಚಿ ಪೂರ್ತಿ ಹಿಂಡಿಕೊಂಡರು.

‘ಹೆಂಗದರೀ ಸರ?’ ಎಂದು ನಾನು ಪೆನ್ನು ಹಿಡಿದು ಕೇಳಿದೆ.

‘ಪೌಷ್ಟಿಕ ಅದ,’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಂಚೂರು ಕಹಿ ಅದ. ಮೆಂತ್ಯದ ಪಲ್ಯ ಏನು?’

ಮೆಂತ್ಯದ ಪಲ್ಯ ಯಾರೂ ಮಾಡಿರಲಿಲ್ಲ. ಸೊಸೆ ಅಡುಗೆಮನೆಯಿಂದ ಓಡಿ ಬಂದು ಅವರ ಕೈಯಲ್ಲಿದ್ದ ಕೋನು ನೋಡಿ ಚೀರಿದಳು. ನಾನು, ‘ಬಾಯಿಗೆ ಹತ್ತಿದ ಕೂಡಲೇ ಉಗುಳಬಾರದೇನ್ರಿ ಸರ?’ ಎಂದೆ. ಅವರು ಗಂಭೀರವಾಗಿ ಹೇಳಿದರು: ‘ಗಗನಯಾತ್ರಿಗಳಿಗೆ ಉಗುಳಲಿಕ್ಕೆ ಬರೂದಿಲ್ಲ ಅಮ್ಮಾ.’

ಬಣ್ಣ ಭಾಳ ಚೆನ್ನಾಗಿ ಹತ್ತಿತು. ಎಂಟು ದಿನ ಅವರ ನಾಲಿಗೆ, ಹಲ್ಲು, ತುಟಿ ಎಲ್ಲ ಕೆಂಪು. ಆ ಶನಿವಾರ ಒಂದು ಮಹಿಳಾ ಮಂಡಳದಲ್ಲಿ ಅವರ ಭಾಷಣ ಮೊದಲೇ ನಿಗದಿಯಾಗಿತ್ತು. ವಿಷಯ, ಕೆಂಪು ಗ್ರಹ. ಇಷ್ಟು ತಯಾರಿ ಮಾಡಿಕೊಂಡು ಬಂದ ಭಾಷಣಕಾರರನ್ನು ತಾವು ನೋಡಿಯೇ ಇಲ್ಲ ಎಂದು ಮಂಡಳದವರು ಹೊಗಳಿದರಂತೆ.

ಕೋನಿನ ಆ ದಿನವೇ, ಎಲ್ಲರ ನಗೆ ಮುಗಿದ ಮೇಲೆ, ನಮ್ಮ ಯಜಮಾನರು ಫ್ರಿಜ್ಜಿನ ಬಾಗಿಲು ಮುಚ್ಚಿ ಬಂದು ಕೂತರು. ‘ದಸರಾಕ್ಕ ಈ ಹಾಲಿಗೆ ಬಣ್ಣ ಹಚ್ಚಸ್ತೀನಿ. ಅಷ್ಟರೊಳಗ ನಿಮಗ ಖೋಲಿ ಸಿಗಲಿಲ್ಲಂದ್ರ ಸಂಘ ಬಂದ್.’ ಅಂದದ್ದಷ್ಟೇ ಅಲ್ಲ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಗುರುತೂ ಹಾಕಿದರು. ಅವರು ಗುರುತು ಹಾಕಿದ ತಾರೀಖು ಬದಲಾದದ್ದನ್ನು ನಾನು ಈ ಮನೆಯಲ್ಲಿ ನೋಡಿಲ್ಲ. ಅಂದು ರಾತ್ರಿ ದಫ್ತರದಲ್ಲಿ ಖಾಲಿ ಹಾಳೆ ಎಷ್ಟಿವೆ ಎಂದು ಎಣಿಸಿದೆ. ಅರವತ್ತೊಂದು. ಅವನ್ನು ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ.

ಬಿದ್ದರೆ ಏನೂ ಆಗದ ರಾಕೆಟ್ಟು

ನಮ್ಮ ಮನೆಯಿಂದ ಎರಡು ಓಣಿ ಆಚೆ ಒಂದು ಹುಡುಗಿಯರ ಹೈಸ್ಕೂಲಿದೆ. ಅದರ ಹಿಂದೆ ಹಳೆಯ ಪ್ರಯೋಗಶಾಲೆಯ ಖೋಲಿ. ಹಂಚಿನ ಮಾಡು, ಕಲ್ಲಿನ ನೆಲ, ಉದ್ದನೆಯ ಮೇಜು. ಹೊಸ ಕಟ್ಟಡ ಆದಾಗಿನಿಂದ ಕೀಲಿ ಹಾಕಿಯೇ ಇತ್ತು. ನಾನು ಮುಖ್ಯಾಧ್ಯಾಪಕಿಯವರ ಹತ್ತಿರ ಹೋದೆ.

‘ಆ ಖೋಲಿಗೆ ಇಬ್ಬರು ಗಿರಾಕಿ ಇದ್ದಾರ,’ ಎಂದರು ಅವರು. ‘ನೀವು, ಮತ್ತ ಹೊಲಿಗಿ ವರ್ಗದ ಬಾಯಾರು. ಅವರು ಹುಡುಗ್ಯಾರಿಗೆ ಲಂಗಾ ಹೊಲಿಯೂದು ಕಲಸ್ತಾರ. ನೀವು ಏನು ಕಲಸ್ತೀರಿ?’

‘ರಾಕೆಟ್ ಹಾರಿಸಿ ತೋರಸ್ತೀವ್ರಿ,’ ಎಂದುಬಿಟ್ಟೆ. ನಮ್ಮ ಸಂಘ ಅಲ್ಲಿಯವರೆಗೆ ಗಾಳಿಪಟವನ್ನೂ ಹಾರಿಸಿರಲಿಲ್ಲ.

‘ಬರೂ ಶನಿವಾರ ಹತ್ತು ಗಂಟೆಗೆ. ನೆಟ್ಟಗ ಹಾರಬೇಕು. ಯಾರಿಗೂ ಪೆಟ್ಟಾಗಬಾರದು. ಸರಿ ಆತಂದ್ರ ಕೀಲಿ ನಿಮ್ಮದು, ಇಲ್ಲಂದ್ರ ಹೊಲಿಗಿಯವರದು.’

ನಾವು ಯೋಚಿಸಿದ್ದು ನೀರಿನ ರಾಕೆಟ್ಟು. ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ ಮೂರನೇ ಒಂದು ಭಾಗ ನೀರು ಹಾಕಿ, ಬೋರಲಾಗಿ ನಿಲ್ಲಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಹಗ್ಗ ಎಳೆದು ಬೂಚು ಬಿಚ್ಚಿದರೆ ನೀರು ಕೆಳಗೆ ಚಿಮ್ಮುತ್ತದೆ, ಬಾಟಲಿ ಮೇಲೆ ಹಾರುತ್ತದೆ. ಕಾಕಾನಿಗೆ ಇದು ಅವಮಾನವೆನಿಸಿತು. ‘ಪ್ಲಾಸ್ಟಿಕ್ ಬಾಟ್ಲಿ? ಸಾಲಿ ಹುಡುಗ್ಯಾರ ಮುಂದ? ನನ್ನ ಮ್ಯಾಲ ಬಿಡ್ರಿ.’

ನಾಲ್ಕನೆಯ ದಿನ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಇಬ್ಬರು ಸೇರಿ ರಾಕೆಟ್ಟನ್ನು ಇಳಿಸಿದರು. ದಪ್ಪ ಉಕ್ಕಿನ ಹಾಳೆ, ಕನ್ನಡಿಯಂಥ ಪಾಲಿಶು, ಮೂರು ರೆಕ್ಕೆ, ಒಂದೊಂದು ಬೆಸುಗೆಯೂ ಹೆರಳು ಹಾಕಿದ ಹಾಗೆ. ನಮ್ಮ ಹಳೆಯ ಪೇಪರ್ ತೂಗುವ ತಕ್ಕಡಿಗೆ ಹಾಕಿದೆವು. ಹನ್ನೊಂದು ಕಿಲೋ.

ಅಧ್ಯಕ್ಷರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ‘ಕಾಕಾ, ಇದು ಹಾರ್ತದೇನು?’

‘ಹಾರೂದು ನಿಮ್ಮ ಭೌತಶಾಸ್ತ್ರಕ್ಕ ಬಿಟ್ಟಿದ್ದು. ಆದ್ರ ಒಂದು ಗ್ಯಾರಂಟಿ ಕೊಡ್ತೇನಿ. ಬಿದ್ರ ಏನೂ ಆಗಂಗಿಲ್ಲ.’

‘ಯಾರಿಗೆ?’

‘ರಾಕೆಟ್ಟಿಗೆ.’

ಕೊನೆಗೆ ಪ್ಲಾಸ್ಟಿಕ್ ಬಾಟಲಿಯೇ ಎಂದು ಠರಾಯಿಸಿದೆವು. ಕಾಕಾನ ಮುಖ ನೋಡಲಾಗದೆ, ಅವರ ಕೈಯ ಕೆಲಸವೂ ಒಂದು ಇರಲಿ ಎಂದು ಲಿಂಬೆಹಣ್ಣಿನಷ್ಟು ದೊಡ್ಡ ಹಿತ್ತಾಳೆ ಮೂತಿಯೊಂದನ್ನು ತುದಿಗೆ ಹಾಕಿಸಿಕೊಂಡೆವು. ಮಾಳಿಗೆಯ ಮೇಲೆ ಪರೀಕ್ಷೆ ಮಾಡಿದಾಗ ತೆಂಗಿನ ಮರದಷ್ಟು ಎತ್ತರ ಹೋಗಿ ಹಿತ್ತಲಿಗೆ ಬಿತ್ತು. ನನಗೆ ಧೈರ್ಯ ಬಂತು.

ಹತ್ತರಿಂದ ಕೆಳಗೆ

ಉಳಿದದ್ದು ಒಂದೇ ಪ್ರಶ್ನೆ. ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸುವವರು ಯಾರು? ಪರೀಕ್ಷೆಯ ದಿನ ನಾನೇ ಎಣಿಸಿದ್ದೆ. ಆದರೆ ಊರ ಮುಂದೆ ಎಣಿಸುವುದೆಂದರೆ ಅದೊಂದು ಗೌರವ. ಅಧ್ಯಕ್ಷರು ತಾವೆಂದರು. ‘ಹಂಗಾರ ಹಾರಿಸಿದವರು ಧಾರವಾಡದವರು ಅಂತಾತು,’ ಎಂದರು ಕಾಕಾ. ಬೈರಿದೇವರಕೊಪ್ಪ ಎರಡೂ ಊರಿನ ನಡುವೆ ಇರುವುದರಿಂದ ಗಿರಣಿಯಾಕೆಯೇ ಎಣಿಸಲಿ ಎಂದು ಒಪ್ಪಂದವಾಯಿತು. ಅವರು ಹಿಗ್ಗಿಹೋದರು. ಎರಡು ದಿನ ಗಿರಣಿಯ ಸದ್ದಿನಲ್ಲೇ ಅಭ್ಯಾಸ ಮಾಡಿಕೊಂಡು, ಶನಿವಾರ ಹೊಸ ಇಳಕಲ್ ಸೀರೆ ಉಟ್ಟು ಬಂದರು.

ಏನೂ ತಪ್ಪಾಗಬಾರದೆಂದು ನಾನು ನಿಯಮಗಳನ್ನು ಬರೆದು ಎಲ್ಲರ ಸಹಿ ತೆಗೆದುಕೊಂಡಿದ್ದೆ. ‘“ಒಂದು” ಎಂದು ಕೇಳಿಸಿದಾಗ ಮಾತ್ರ ಕಾಕಾ ಅವರು ಹಗ್ಗ ಎಳೆಯತಕ್ಕದ್ದು. ಬೂಚಿನ ಸುತ್ತ ಗಾಳಿ ಸೋರುವುದರಿಂದ, ಹಗ್ಗ ಎಳೆಯುವ ತನಕ ಪಂಪು ನಿಲ್ಲಿಸತಕ್ಕದ್ದಲ್ಲ.’ ಪಂಪು ನಮ್ಮ ಯಜಮಾನರ ಕೈಯಲ್ಲಿತ್ತು. ಖೋಲಿ ಸಿಕ್ಕರೆ ಮನೆಯ ಹಾಲ್ ಖಾಲಿಯಾಗುತ್ತದೆ ಎಂಬ ಉತ್ಸಾಹದಲ್ಲಿ ತಾವಾಗಿಯೇ ಮುಂದೆ ಬಂದಿದ್ದರು.

ಮೈದಾನದ ಸುತ್ತ ಹುಡುಗಿಯರು ಸಾಲಾಗಿ ಕೂತಿದ್ದರು. ಮುಂದಿನ ಎರಡು ಕುರ್ಚಿಯಲ್ಲಿ ಮುಖ್ಯಾಧ್ಯಾಪಕಿಯವರು ಮತ್ತು ಹೊಲಿಗೆ ಕಲಿಸುವ ಬಾಯಿಯವರು. ಹೊಲಿಗೆ ಬಾಯಿಯವರು ಟೇಪು ತಂದಿದ್ದರು. ಮುಗಿದ ಕೂಡಲೇ ಖೋಲಿಯ ಅಳತೆ ತೆಗೆದುಕೊಳ್ಳುವ ವಿಚಾರವಿತ್ತೆಂದು ಕಾಣುತ್ತದೆ.

ಗಿರಣಿಯಾಕೆ ಕೈ ಮುಗಿದು ಶುರು ಮಾಡಿದರು. ‘ಹತ್ತು! ಒಂಬತ್ತು! ಎಂಟು!’ ಎಂಥ ದನಿ! ‘ನಾಕು! ಮೂರು! ಎರಡು! ಲಾಭ!’

ನಮ್ಮ ಕಡೆ ಕಾಳು ಅಳೆಯುವವರು ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಇದು ಗೊತ್ತಿಲ್ಲದವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ. ಆದರೆ ಕಾಳನ್ನು ಯಾರೂ ಹಿಂದಕ್ಕೆ ಅಳೆಯುವುದಿಲ್ಲವಲ್ಲ! ಹಿಂದಕ್ಕೆ ಬಂದರೆ ಲಾಭ ಕೊನೆಗೆ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಕಾಕಾ ಹಗ್ಗ ಹಿಡಿದು ನಿಂತೇ ಇದ್ದರು. ‘ಹೂಂ, ಒಂದು ಅನ್ನಬೇ.’

‘ಲಾಭ ಅಂದ್ನೆಲ್ಲೋ ಯಣ್ಣಾ. ಎಳಿ.’

‘ಅದು ನನಗೂ ತಿಳಿತೈತಿ. ಕಾಗದದಾಗ ಒಂದು ಅಂತ ಐತಿ. ನಾ ಸಹಿ ಮಾಡೇನಿ. ಒಂದು ಅನ್ನು.’

‘ನಾ ಅನ್ನಂಗಿಲ್ಲ. ನಮ್ಮತ್ತಿ ಕಾಲದಿಂದ ನಮ್ಮ ಗಿರಣ್ಯಾಗ ಯಾರೂ ಒಂದು ಅಂದಿಲ್ಲ. ಇವತ್ತ ನಿಮ್ಮ ಬಾಟ್ಲಿ ಸಲುವಾಗಿ ಅಂದು ವರ್ಷೆಲ್ಲಾ ಲುಕ್ಸಾನ ಮಾಡ್ಕೊಳ್ಳೇನು?’

ಅಧ್ಯಕ್ಷರು ನಡುವೆ ಬಂದರು. ‘ಕಾಕಾ, ಗಣಿತದೊಳಗ ಎರಡರದೂ ಬೆಲೆ ಒಂದೇ. ಎಳೀರಿ.’

‘ನೀವು ಹೇಳಿ ನಾ ಎಳದ್ರ ಧಾರವಾಡದವರು ಹಾರಿಸಿದಂಗ ಆತು. ನಾ ಎಳ್ಯಂಗಿಲ್ಲ.’

ಇಷ್ಟು ಹೊತ್ತೂ ಹಿಂದೆ ಚುಸ್ ಚುಸ್ ಎಂಬ ಸದ್ದು ನಡೆದೇ ಇತ್ತು. ತಿರುಗಿ ನೋಡಿದೆ. ಯಜಮಾನರು ಬೆವರು ಸುರಿಸುತ್ತ ಪಂಪು ಹೊಡೆಯುತ್ತಿದ್ದರು. ಬಾಟಲಿ ಕುಂಬಳಕಾಯಿಯಂತೆ ಉಬ್ಬಿತ್ತು.

‘ನಿಲ್ಲಸ್ರೀ!’ ಎಂದು ಕೂಗಿದೆ.

‘ನಿಲ್ಲಿಸತಕ್ಕದ್ದಲ್ಲ ಅಂತ ನೀನ ಬರದೀ,’ ಎಂದು ಇನ್ನೆರಡು ಹೊಡೆದರು.

‘ಏನ್ ನಡದದ ಇಲ್ಲಿ?’ ಎಂದು ಮುಖ್ಯಾಧ್ಯಾಪಕಿಯವರು ಕುರ್ಚಿ ಬಿಟ್ಟು ಬಂದರು. ಅವರ ಹಿಂದೆಯೇ ನಗುತ್ತ ಹೊಲಿಗೆ ಬಾಯಿಯವರು. ಖೋಲಿ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ, ತಡೆದುಕೊಳ್ಳಲಾಗದೆ ಅಷ್ಟೂ ಹುಡುಗಿಯರು ಎದ್ದು ನಿಂತು ಒಟ್ಟಿಗೆ ಚೀರಿದರು: ‘ಒಂದೂ!’

ಕಾಕಾ ಎಳೆದರು.

ನೀರೆಲ್ಲ ಮುಖ್ಯಾಧ್ಯಾಪಕಿಯವರ ಮೇಲೆ ಮತ್ತು ಹೊಲಿಗೆ ಬಾಯಿಯವರ ಮೇಲೆ. ಬಾಟಲಿ ಮಾತ್ರ ಎಂದೂ ಹೋಗದಷ್ಟು ಎತ್ತರ ಹೋಯಿತು. ಕೂದಲೆಳೆಯಷ್ಟೂ ಓರೆಯಾಗಲಿಲ್ಲ. ಅಷ್ಟು ಮಂದಿಯ ಬಾಯಿ ತೆರೆದೇ ಇತ್ತು, ನನ್ನದೂ. ನಲವತ್ತು ವರ್ಷದ ಕುಕ್ಕರಿನ ಸೀಟಿಯೆಲ್ಲ ಅಂದು ಮೇಲೆ ಹೋದ ಹಾಗಾಯಿತು. ಆಮೇಲೆ ಅದು ಮೇಲೊಂದು ಕ್ಷಣ ನಿಂತು, ಹಿತ್ತಾಳೆ ಮೂತಿಯನ್ನು ಕೆಳಗೆ ಮಾಡಿ, ಸ್ವಲ್ಪ ಗಾಳಿಗೆ ವಾಲಿ, ಮೈದಾನ ದಾಟಿ, ನಾವು ಕೇಳಿದ ಖೋಲಿಯ ಹಂಚಿನೊಳಗೇ ಹೋಯಿತು. ಒಂದು ಹಂಚು ಒಡೆದದ್ದು ಕೇಳಿಸಿತು. ಆಮೇಲೆ ಅದರ ಆಸುಪಾಸಿನವು ಒಂದೊಂದಾಗಿ ಜಾರಿ ಬಿದ್ದದ್ದು ಕೇಳಿಸಿತು.

ಕಾಕಾ ಮೆಲ್ಲಗೆ, ‘ಮೂತಿಗೆ ಏನೂ ಆಗಿರಂಗಿಲ್ಲ ನೋಡ್ರಿ’ ಎಂದರು.

ಕೀಲಿ ತೆಗೆಸಿ ಒಳಗೆ ಹೋದೆವು. ಉದ್ದನೆಯ ಮೇಜಿನ ಮೇಲೆ ಬಾಟಲಿ ಮಲಗಿತ್ತು. ಮಾಡಿನಲ್ಲಿ ಬಾಗಿಲಿನಷ್ಟು ಕಿಂಡಿ, ಅದರಲ್ಲಿ ನೀಲಿ ಆಕಾಶ. ಹೊಲಿಗೆ ಬಾಯಿಯವರು ಒದ್ದೆ ಸೆರಗು ಹಿಂಡುತ್ತ ಮೇಲೆ ನೋಡಿದರು. ‘ಮಳಿ ಬಂದ್ರ ನಮ್ಮ ಮಷೀನ್ ಎಲ್ಲಾ ತುಕ್ಕ ಹಿಡಿತಾವ್ರಿ ಮೇಡಮ್. ಈ ಖೋಲಿ ನಮಗ ಬ್ಯಾಡ.’ ಟೇಪು ಸುತ್ತಿಕೊಂಡು ಹೊರಟೇಹೋದರು.

ಮುಖ್ಯಾಧ್ಯಾಪಕಿಯವರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರೂ ಬಹಳ ಹೊತ್ತು ಮೇಲೆ ನೋಡಿದರು. ನಾನು ದಫ್ತರ ಮುಚ್ಚಿದೆ.

‘ನೆಟ್ಟಗ ಹಾರಿತು,’ ಎಂದರು. ‘ಯಾರಿಗೂ ಪೆಟ್ಟಾಗಿಲ್ಲ. ಖೋಲಿ ಕೇಳವರೂ ಬ್ಯಾರೆ ಯಾರೂ ಉಳಿಲಿಲ್ಲ.’ ಕೀಲಿಯನ್ನು ನನ್ನ ಕೈಗೆ ಹಾಕಿದರು. ‘ನಿಮಗ ಹೆಂಗೂ ಆಕಾಶನ ನೋಡೂದದ. ತಗೋರಿ.’

ಖರ್ಚು: ಮಂಗಳೂರು ಹಂಚು ಹದಿನಾಲ್ಕು, ಐದುನೂರ ಅರವತ್ತು ರೂಪಾಯಿ. ಗಾಜಿನ ಹಂಚು ಎರಡು, ಇವು ಆಕಾಶ ಕಾಣಲೆಂದು ಅಧ್ಯಕ್ಷರು ಹಟ ಹಿಡಿದು ಹಾಕಿಸಿದ್ದು, ನಾಲ್ಕುನೂರ ಎಂಬತ್ತು. ಬಡಿಗನ ಒಂದು ದಿನದ ಪಗಾರ ಸಾವಿರ. ಎರಡು ಸೀರೆ ಒಗೆಸಿ ಇಸ್ತ್ರಿ ಮಾಡಿಸಿದ್ದು ಮುನ್ನೂರು. ಒಟ್ಟು ಎರಡು ಸಾವಿರದ ಮುನ್ನೂರ ನಲವತ್ತು. ಸಂಘದಲ್ಲಿ ಇದ್ದದ್ದು ಎಂಟುನೂರು. ಉಳಿದ ಸಾವಿರದ ಐದುನೂರ ನಲವತ್ತನ್ನು ನಮ್ಮ ಯಜಮಾನರು ಕೊಟ್ಟರು. ಪಂಪು ಅವರ ಕೈಯಲ್ಲಿತ್ತು.